ರಜೆ ಮುಗಿಯೋಕೆ ಮೂರು ದಿನ ಇರುವಾಗ ಶುರುವಾಗೋ ಜಗಳ

ನನ್ನ ಹತ್ರ ಕೌನ್ಸೆಲಿಂಗ್‌ಗೆ ಬರೋ ಒಬ್ಬ ಹುಡುಗಿಯ ಕಥೆ ಇದು. ಹೆಸರು, ಕೆಲಸ, ಮನೆ ವಿವರ ಎಲ್ಲಾ ಬದಲಾಯಿಸಿದೀನಿ, ಅವಳ ಒಪ್ಪಿಗೆ ತಗೊಂಡೇ ಬರೀತಿದೀನಿ. ಇಲ್ಲಿ ವಿದ್ಯಾ ಅಂತ ಕರೀತೀನಿ. ವಯಸ್ಸು 26, ಹುಬ್ಬಳ್ಳಿಲಿ ಒಂದು ಪ್ರೈವೇಟ್ ಸ್ಕೂಲಲ್ಲಿ ಟೀಚರ್, ಅತ್ತೆ ಮಾವನ ಜೊತೆ ಇರ್ತಾಳೆ. ಗಂಡ ನೇವಿಲಿ ಸೇಲರ್, ಕಾರವಾರ ಬೇಸ್‌ನ ಹಡಗಲ್ಲಿ ಡ್ಯೂಟಿ. ಮದುವೆ ಆಗಿ ಹನ್ನೊಂದು ತಿಂಗಳು, ಇಬ್ರೂ ಒಂದೇ ಮನೇಲಿ ಮಲಗಿದ್ದು 71 ರಾತ್ರಿ. ಲೆಕ್ಕ ಅವಳದ್ದೇ, ಅಡುಗೆಮನೆ ಕ್ಯಾಲೆಂಡರಲ್ಲಿ ಹಸಿರು ಪೆನ್ನಲ್ಲಿ ಸುತ್ತು ಹಾಕಿದ್ದನ್ನ ಫೋಟೋ ತೆಗ್ದು ತಂದು ತೋರಿಸಿದ್ಲು.

ಬಂದು ಕೂತ ತಕ್ಷಣ ಹೇಳಿದ್ದು ಒಂದೇ ಮಾತು. "ಮೇಡಂ, ನಾ ಒಳ್ಳೆ ಹೆಂಡ್ತಿ ಅಲ್ರಿ. ಅವ್ರು ಹೊಂಟ್ರು ಅಂದ್ರ ನನಗ ಎಲ್ಲಿಲ್ಲದ ಸಿಟ್ಟು ಬರ್ತೈತಿ."

ಪ್ರತಿ ಸಲ ಹಂಗೇ ಅಂತೆ. ರಜೆಗೆ ಬಂದಾಗ ಮೊದಲ ವಾರ ಚೆನ್ನಾಗೇ ಇರುತ್ತೆ, ಇನ್ನು ಮೂರು ದಿನ ಇದೆ ಅನ್ನುವಾಗ ಎಲ್ಲಿಂದಲೋ ಜಗಳ ಎದ್ದು ಬರುತ್ತೆ. ಕಳೆದ ಸಲ ತೊಗರಿಬೇಳೆ ತನ್ನಿ ಅಂದ್ರೆ ಅವನು ಕಡಲೆಬೇಳೆ ತಂದ, ಅಷ್ಟಕ್ಕೇ ಎರಡು ದಿನ ಮಾತು ಬಿಟ್ಟಳು. ಹೊರಡೋ ದಿನ ಬಾಗಿಲ ತನಕನೂ ಬರಲಿಲ್ಲ, ರೂಮಿನ ಕಿಟಕಿಯಿಂದ ಆಟೋ ತಿರುವು ದಾಟೋದನ್ನ ನೋಡ್ತಾ ನಿಂತಿದ್ಲು. ರಾತ್ರಿ ಒಂದು ಮೆಸೇಜ್ ಹಾಕಿದ್ಲು, "ನೀವು ಬರಲಿಲ್ಲ ಅಂದ್ರೂ ನಡೀತೈತಿ". ಅದಕ್ಕೆ ಒಂದೇ ಟಿಕ್ ಬಿತ್ತು. ಅಷ್ಟರಲ್ಲಿ ಅವನು ಫೋನ್ ಆಫ್ ಮಾಡಿ ಹಡಗು ಹತ್ತಿದ್ದ, ಹಡಗು ಸೇಲಿಂಗ್ ಹೋಗಿಬಿಟ್ಟಿತ್ತು.

ಹತ್ತೊಂಬತ್ತು ದಿನ ಆ ಒಂದು ಟಿಕ್ ಹಂಗೇ ಇತ್ತು. ಡಿಲೀಟ್ ಮಾಡ್ಬೇಕು ಅನ್ಸಿತ್ತಂತೆ, ಆದ್ರೆ ಡಿಲೀಟ್ ಆಗಿದೆ ಅಂತ ಅವನಿಗೆ ತೋರಿಸುತ್ತಲ್ಲ, ಏನು ಬರ್ದಿದ್ಲೋ ಅಂತ ಇನ್ನೂ ಕೆಟ್ಟದ್ದು ಊಹಿಸ್ಕೊಂಡ್ರೆ ಅಂತ ಹೆದರಿ ಬಿಟ್ಟಳು. ಫೋನ್ ದಿಂಬಿನ ಕೆಳಗೆ ಇಟ್ಕೊಂಡು ರಾತ್ರಿ ಎರಡು ಗಂಟೆಗೆ ಎದ್ದು ನೋಡೋದು, ಬೆಳಿಗ್ಗೆ ಸ್ಟಾಫ್ ರೂಮಲ್ಲಿ ನೋಡೋದು, ಊಟ ಸೇರ್ತಿಲ್ಲ. ಈ ಸ್ಥಿತಿಲಿ ನನ್ನ ಹತ್ರ ಬಂದಿದ್ದು.

ನಾನು ಅವಳಿಗೆ ಮೊದಲು ಹೇಳಿದ್ದು, ಈ ಸಿಟ್ಟು ನಿನ್ನೊಬ್ಬಳದ್ದೇ ಅಲ್ಲ ಕಣಮ್ಮ, ಇದನ್ನ ಗಮನಿಸಿ ಬರೆದಿಟ್ಟವರು ಇದಾರೆ ಅಂತ. 1987ರಲ್ಲಿ ಅಮೆರಿಕದ ಕ್ಯಾಥ್ಲೀನ್ ವೆಸ್ಟಲ್ ಲೋಗನ್ ಅನ್ನೋರು, ಅವರೂ ನೇವಿಯವರ ಹೆಂಡತಿನೇ, ಗಂಡ ಸಮುದ್ರಕ್ಕೆ ಹೋಗಿ ಬರೋ ಕಾಲದಲ್ಲಿ ಹೆಂಡತಿ ಮನಸ್ಸು ಏಳು ಹಂತ ದಾಟುತ್ತೆ ಅಂತ ಬರೆದ್ರು. ಹೊರಡೋ ಮುಂಚಿನ ದಿನಗಳಲ್ಲಿ ಮನಸ್ಸು ತಾನೇ ದೂರ ಸರಿಯೋದೂ ಅದರಲ್ಲಿ ಒಂದು ಹಂತ. ಅಳ್ತಾ ಕಳಿಸೋದಕ್ಕಿಂತ ಸಿಟ್ಟಲ್ಲಿ ಕಳಿಸೋದು ಮನಸ್ಸಿಗೆ ಸುಲಭ ಅನ್ಸುತ್ತೆ, ಅದಕ್ಕೇ ಕಡಲೆಬೇಳೆ ನೆಪ ಸಿಗುತ್ತೆ. ಇದನ್ನ ಕೇಳಿ ಅವಳು ತುಂಬಾ ಹೊತ್ತು ಅತ್ತಳು, ನಾನು ಸುಮ್ನೆ ಕೂತಿದ್ದೆ.

ಇನ್ನೊಂದು ವಿಷಯ, ಇದನ್ನ ನಮ್ಮ ಕಡೆ ಮನೆಗಳಿಗೆಲ್ಲಾ ಹೇಳ್ಬೇಕು. 2005ರಲ್ಲಿ ಕಾರವಾರದಲ್ಲಿ ಐಎನ್‌ಎಸ್ ಕದಂಬ ಅನ್ನೋ ನೇವಿ ಬೇಸ್ ಶುರುವಾದ್ಮೇಲೆ, ಕಾರವಾರ ಪೋಸ್ಟಿಂಗ್ ಅಂದ್ರೆ ಮನೆ ಹತ್ರನೇ ಇದ್ದಂಗೆ ಅನ್ನೋ ನಂಬಿಕೆ ಬಂದಿದೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದ್ರೆ ಬಂತಲ್ಲ, ನಾಲ್ಕು ತಾಸು. ಆದ್ರೆ ಹುಡುಗನಿಗೆ ಪೋಸ್ಟಿಂಗ್ ಆಗಿರೋದು ಹಡಗಿಗೆ. ಆ ಹಡಗು ನಾಳೆ ಯೆಮನ್, ಸೊಮಾಲಿಯಾ ನಡುವಿನ ಏಡನ್ ಕೊಲ್ಲಿ ಕಡೆ ಹೋಗಬಹುದು, 2008ರಿಂದ ನಮ್ಮ ನೇವಿ ಅಲ್ಲಿ ಕಡಲ್ಗಳ್ಳರ ವಿರುದ್ಧ ಕಾವಲು ಕಾಯ್ತಾ ಇದೆ. ವಿದ್ಯಾ ಮನೇಲೂ ನೆಂಟಸ್ತಿಕೆ ಮಾತಾಡುವಾಗ ಸಂಬಳ, ಕ್ಯಾಂಟೀನು, ಪಿಂಚಣಿ ಎಲ್ಲಾ ಮಾತಾಡಿದ್ರು, ವರ್ಷದಲ್ಲಿ ಎಷ್ಟು ದಿನ ಸಮುದ್ರದಲ್ಲಿ ಇರ್ತೀಯಪ್ಪಾ ಅಂತ ಹುಡುಗನ್ನ ಯಾರೂ ಕೇಳಲಿಲ್ಲ. ನಿಶ್ಚಯ ಆಗಿ ಇನ್ನೂ ಮದುವೆ ಆಗದ ಹುಡುಗಿಯರಿದ್ರೆ ದಯವಿಟ್ಟು ಕೇಳಿ. ಈಗ ಹಡಗಲ್ಲಿದೀರಾ ದಡದ ಡ್ಯೂಟಿಲಿದೀರಾ, ಮುಂದಿನ ಟ್ರಾನ್ಸ್‌ಫರ್ ಯಾವಾಗ, ಕ್ವಾರ್ಟರ್ಸ್‌ಗೆ ಎಷ್ಟು ಕಾಯ್ಬೇಕು, ಇಷ್ಟು ಕೇಳಿದ್ರೆ ಯಾರಿಗೂ ಅವಮಾನ ಆಗಲ್ಲ.

ಸಲಹೆ ವಿಷಯಕ್ಕೆ ಬರ್ತೀನಿ. ಮೌನದ ಅರ್ಥ ಏನು ಅಂತ ತಿಳ್ಕೊಳ್ಳೋದೇ ಅರ್ಧ ಕೆಲಸ. ಹಡಗು ದಡ ಬಿಟ್ಟು ಸ್ವಲ್ಪ ದೂರ ಹೋದ್ರೆ ನೆಟ್‌ವರ್ಕ್ ಇಲ್ಲ, ಅದು ಸಾಲದು ಅಂತ 2019ರ ಡಿಸೆಂಬರಲ್ಲಿ ಹಡಗು ಮತ್ತೆ ಬೇಸ್‌ಗಳ ಒಳಗೆ ಸ್ಮಾರ್ಟ್‌ಫೋನೇ ಬೇಡ ಅಂತ ಆದೇಶ ಬಂತು, ಗೂಢಚಾರಿಕೆ ಪ್ರಕರಣ ಹೊರಗೆ ಬಂದಿದ್ದಕ್ಕೆ. ಹಾಗಾಗಿ ಒಂದು ಟಿಕ್ ಅಂದ್ರೆ ಅವನ ಸಿಟ್ಟು ಅಲ್ಲ, ಅವನು ನೋಡೇ ಇಲ್ಲ ಅಷ್ಟೇ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೇವಿಯವರೇ ಮನೆಗೆ ತಿಳಿಸ್ತಾರೆ. ಇದನ್ನ ಒಂದು ಚೀಟಿಲಿ ಬರ್ದು ಫೋನ್ ಕವರ್ ಹಿಂದೆ ಇಟ್ಕೋ ಅಂದೆ, ಇಟ್ಕೊಂಡಳು. ಫೋನ್ ದಿಂಬಿನ ಕೆಳಗಿಂದ ಹಾಲ್‌ಗೆ ಹೋಯ್ತು, ದಿನಕ್ಕೆ ಎರಡೇ ಸಲ ನೋಡೋದು ಅಂತ ಒಪ್ಪಿದ್ಲು. ಹೇಳ್ಬೇಕು ಅನ್ಸಿದ್ದನ್ನ ವಾಟ್ಸಾಪಲ್ಲಿ ಹಾಕದೆ ಒಂದು ನೂರು ಪುಟದ ನೋಟ್‌ಬುಕ್ಕಲ್ಲಿ ಬರೀತಾ ಹೋಗು, ಬಂದಾಗ ಅವನ ಕೈಗೆ ಕೊಡು ಅಂದೆ. ಸಿಟ್ಟಲ್ಲಿ ಬರೆದಿದ್ದು ಎರಡು ದಿನ ಆದ್ಮೇಲೆ ಓದಿದ್ರೆ ಹೊಡೆದು ಹಾಕ್ಬೇಕು ಅನ್ಸುತ್ತೆ, ನೋಟ್‌ಬುಕ್ಕಲ್ಲಿ ಅದಕ್ಕೆ ಅವಕಾಶ ಇದೆ. ಹಡಗು ಯಾವಾಗ ಹೊರಡುತ್ತೆ, ಯಾವಾಗ ಬರುತ್ತೆ ಅಂತ ಸ್ಟೇಟಸ್ ಹಾಕೋದು ಮಾತ್ರ ಬೇಡವೇ ಬೇಡ, ಅದು ಅವನ ಜೊತೆ ಇರೋ ಎಲ್ಲರ ಜೀವದ ಪ್ರಶ್ನೆ.

ಹಡಗು ಹಾರ್ಬರ್‌ಗೆ ಬಂದ ವಾರ ಗಂಡನ ಜೊತೆ ಫೋನಲ್ಲಿ ಮಾತಾಡಿದೆ. ಅವನ ಮಾತು ಕೇಳಿ ನನಗೇ ಗಂಟಲು ಕಟ್ಟಿತು. "ಹೋಗೋ ಮುಂದ ಆಕಿ ಮುಖ ನೋಡಿದ್ರ ಕಾಲು ಏಳಂಗಿಲ್ರಿ ಮೇಡಂ. ಅದಕ್ಕ ನಾನೂ ಮಾತಾಡಸಲಿಲ್ಲ, ಸುಮ್ನ ಬ್ಯಾಗ್ ಹಾಕ್ಕೊಂಡು ಹೊಂಟ್ಬಿಟ್ಟೆ." ಇಬ್ರೂ ಒಂದೇ ಕೆಲಸ ಮಾಡ್ತಿದ್ರು, ಒಬ್ಬರಿಗೊಬ್ರು ಗೊತ್ತಿರ್ಲಿಲ್ಲ. ಕೊನೇ ಎರಡು ದಿನ ದುಡ್ಡು, ಅತ್ತೆ, ತವರುಮನೆ ಇಂಥ ದೊಡ್ಡ ವಿಷಯ ಎತ್ತಬಾರ್ದು, ಸಿಟ್ಟು ಬಂದ್ರೆ "ನಂಗೆ ಹೋಗೋ ಸಿಟ್ಟು ಬಂದೈತಿ" ಅಂತ ಬಾಯಿಬಿಟ್ಟು ಹೇಳ್ಬೇಕು ಅಂತ ಒಪ್ಪಂದ ಮಾಡಿಸಿದೆ.

ಇನ್ನು ವಾಪಸ್ ಬರೋದು. ನಿಜ ಹೇಳ್ಬೇಕಂದ್ರೆ ನನ್ನ ಅನುಭವದಲ್ಲಿ ಕಾಯೋದಕ್ಕಿಂತ ಇದೇ ಕಷ್ಟ, ಯಾರೂ ಇದಕ್ಕೆ ರೆಡಿ ಇರಲ್ಲ. ಅವನಿಲ್ಲದಾಗ ವಿದ್ಯಾ ಸ್ಕೂಟಿ ಕಲಿತಳು, ಗ್ಯಾಸ್ ಬುಕ್ ಮಾಡೋದು, ಮಾವನ ಬಿಪಿ ಮಾತ್ರೆ ತರೋದು ಎಲ್ಲಾ ಅವಳದ್ದೇ. ಅವನು ಬಂದವನೇ ಮೊಳೆಗೆ ನೇತಾಕಿದ್ದ ಸ್ಕೂಟಿ ಕೀ ತಗೊಂಡು ಜೇಬಿಗೆ ಹಾಕ್ಕೊಂಡ, "ನಾ ಬಂದೀನಲ್ಲ, ನೀ ಯಾಕ ತ್ರಾಸ ತಗೋತಿ" ಅಂದ. ಪ್ರೀತಿಯಿಂದಲೇ ಅಂದಿದ್ದು. ಅವಳಿಗೆ ಮಾತ್ರ ಇಷ್ಟು ದಿನ ಮಾಡಿದ್ದಕ್ಕೆ ಬೆಲೆನೇ ಇಲ್ಲ ಅನ್ನೋ ಥರ ಕೇಳಿಸ್ತು. ಕೀ ಮೊಳೆಗೇ ಇರಲಿ, ಯಾರು ಹೊರಗೆ ಹೋಗ್ತಾರೋ ಅವರು ಇನ್ನೊಬ್ಬರನ್ನ ಕೇಳಿ ತಗೊಳ್ಳಲಿ ಅಂತ ಮಾಡಿದ್ವಿ. ಚಿಕ್ಕದು ಅನ್ಸಬಹುದು, ಆ ಮನೇಲಿ ಚಿಕ್ಕದಾಗಿರಲಿಲ್ಲ.

ಸಂಬಂಧಿಕರ ಊಟದ ಕರೆಗಳದ್ದೂ ಹಂಗೇ. ಹದಿನೈದು ದಿನದ ರಜೆಲಿ ಒಂಬತ್ತು ದಿನ ಚಿಕ್ಕಪ್ಪನ ಮನೆ, ಸೋದರತ್ತೆ ಮನೆ ಅಂತ ಹೋಳಿಗೆ ಊಟದಲ್ಲೇ ಕಳೀತು, ಹೋದಲ್ಲೆಲ್ಲಾ "ಏನಾರ ಸಿಹಿಸುದ್ದಿ ಐತೇನು" ಅನ್ನೋ ಪ್ರಶ್ನೆ ಬೇರೆ. ಮೊದಲ ನಾಲ್ಕು ದಿನ ಎಲ್ಲಿಗೂ ಇಲ್ಲ ಅಂತ ಹೇಳೋ ಜವಾಬ್ದಾರಿ ಗಂಡನದ್ದು, ಸೊಸೆ ಹೇಳಿದ್ರೆ ಮಾತು ಬೇರೆ ಆಗುತ್ತೆ. ಅತ್ತೆ ಜೊತೆ ಒಂದು ಸಲ ಮಾತಾಡಿದೆ. ಹೋಗುವಾಗ ಅಳಬಾರ್ದು, ಅಪಶಕುನ ಅಂತ ಅವ್ರು ಅಂತಿದ್ದದ್ದು ಮಗನ ಮೇಲಿನ ಭಯದಿಂದ. "ನಾನೂ ಬಚ್ಚಲಮನ್ಯಾಗ ನಳ ಬಿಟ್ಟು ಅಳ್ತೀನ್ರಿ" ಅಂದ್ರು ಆ ತಾಯಿ. ಆಮೇಲಿಂದ ಇಬ್ರೂ ಅಡುಗೆಮನೇಲಿ ಒಟ್ಟಿಗೇ ಅಳ್ತಾರಂತೆ.

ನಿದ್ದೆ, ಊಟ ಎರಡು ವಾರ ದಾಟಿದ್ರೂ ಸರಿಹೋಗದಿದ್ರೆ, ಬದುಕೋದೇ ಬೇಡ ಅನ್ಸಿದ್ರೆ, ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಬೇಸ್ ಹತ್ರ ಇರೋರಿಗೆ ಪತಂಜಲಿ ನೌಕಾ ಆಸ್ಪತ್ರೆ ಇದೆ, ನೇವಿ ಕುಟುಂಬಗಳ ಸಂಘದ ಹೆಣ್ಮಕ್ಕಳೂ ಇದಾರೆ. ನೇವಿಯವರ ಮನೆಯವರು ಅಂತ ತೋರಿಸೋ ಡಿಪೆಂಡೆಂಟ್ ಕಾರ್ಡ್ ಮಾಡಿಸಿಟ್ಕೊಳ್ಳಿ, ವಿದ್ಯಾದು ಹನ್ನೊಂದು ತಿಂಗಳಾದ್ರೂ ಆಗಿರ್ಲಿಲ್ಲ.

ಹೋದ ತಿಂಗಳು ಅವನು ಹೊರಟಾಗ ಇವಳು ಬಸ್‌ಸ್ಟ್ಯಾಂಡ್ ತನಕ ಸ್ಕೂಟಿಲಿ ಬಿಟ್ಟು ಬಂದಳಂತೆ. ಹಿಂದಿನ ರಾತ್ರಿ ಸಿಟ್ಟು ಬಂದಿತ್ತು, ಹೇಳಿದ್ಲು, ಅವನು ನಂಗೂ ಬಂದೈತಿ ಅಂದ. ಈಗ ಕ್ವಾರ್ಟರ್ಸ್ ಲಿಸ್ಟಲ್ಲಿ ಅವರ ಸರದಿ ಹತ್ರ ಬಂದಿದೆ, ಸ್ಕೂಲ್ ಕೆಲಸ ಬಿಟ್ಟು ಕಾರವಾರಕ್ಕೆ ಹೋಗೋದಾ, ಹೋದ್ಮೇಲೆ ಹಡಗು ಸೇಲಿಂಗ್ ಹೋದ್ರೆ ಅಲ್ಲಿ ಒಬ್ಬಳೇ ಇರೋದಾ ಅನ್ನೋ ಪ್ರಶ್ನೆ ಇಟ್ಕೊಂಡು ಮುಂದಿನ ಶನಿವಾರ ಬರ್ತಾಳೆ.