ಎರಡನೇ ಜುರಾಸಿಕ್ ಪಾರ್ಕ್ ಮಗಳಿಗೆ ತೋರಿಸಬಹುದಾ?

ನಿಮ್ಮ ಮಗಳಿಗೆ 1993ರ ‘ಜುರಾಸಿಕ್ ಪಾರ್ಕ್’ ತುಂಬಾ ಹಿಡಿಸಿತು, 1997ರ ‘ದಿ ಲಾಸ್ಟ್ ವರ್ಲ್ಡ್’ ಕೂಡ ಅಷ್ಟೇ ಚೆನ್ನಾಗಿದೆಯಾ ಅಂತ ಕೇಳಿದ್ದೀರಿ. ಇಲ್ಲ, ಅಷ್ಟಿಲ್ಲ. ಎರಡನ್ನೂ ಸ್ಪೀಲ್‌ಬರ್ಗ್ ಅವರೇ ನಿರ್ದೇಶಿಸಿದ್ದಾರೆ. ಆದರೂ ಮೊದಲನೆಯದರ ಜೀವ ಇದರಲ್ಲಿಲ್ಲ.

ಮೊದಲ ಚಿತ್ರ ನಮ್ಮನ್ನು ಕಾಯಿಸುತ್ತದೆ. ಟಿ-ರೆಕ್ಸ್ ಅನ್ನೋ ದೈತ್ಯ ಡೈನೋಸಾರ್ ಬರುವ ಹೊತ್ತಿಗೆ ಸುಮಾರು ಒಂದು ಗಂಟೆ ಕಳೆದಿರುತ್ತದೆ. ಅದಕ್ಕೂ ಮುಂಚೆ ಲೋಟದ ನೀರು ನಡುಗುತ್ತದೆ, ಅಲ್ವಾ? ಆ ನೀರು ನೋಡಿಯೇ ಎದೆ ಢವಢವ ಅನ್ನುತ್ತದೆ. ಎರಡನೆಯದರಲ್ಲಿ ಓಟ, ಕೂಗಾಟ ಜಾಸ್ತಿ, ಬೆರಗು ಕಡಿಮೆ. ಕೊನೆಗೆ ಟಿ-ರೆಕ್ಸ್ ಅನ್ನು ಸ್ಯಾನ್ ಡಿಯಾಗೋ ನಗರಕ್ಕೇ ತರುತ್ತಾರೆ. ಬೇರೆ ಯಾವುದೋ ಸಿನಿಮಾದ ತುಂಡನ್ನು ತಂದು ಅಂಟಿಸಿದ ಹಾಗಿದೆ.

ಆದರೆ ಒಂದು ದೃಶ್ಯಕ್ಕಾಗಿ ನೋಡಲೇಬೇಕು. ವಿಜ್ಞಾನಿಗಳ ಟ್ರೇಲರ್ ಗಾಡಿ ಪ್ರಪಾತದ ಅಂಚಿನಲ್ಲಿ ನೇತಾಡುತ್ತಿರುತ್ತದೆ. ನಟಿ ಜೂಲಿಯನ್ ಮೂರ್ ಅದರ ಗಾಜಿನ ಮೇಲೆ ಬಿದ್ದಿರುತ್ತಾರೆ. ಗಾಜು ಮೆಲ್ಲಗೆ ಬಿರುಕು ಬಿಡುತ್ತಾ ಹೋಗುತ್ತದೆ. ಪ್ರತಿ ಸಲವೂ ನಾನು ಉಸಿರು ಬಿಗಿಹಿಡಿದು ಕೂರುತ್ತೇನೆ.

ಇನ್ನೊಂದು ಮಾತು. ಶುರುವಿನಲ್ಲೇ ಸಮುದ್ರದ ದಡದಲ್ಲಿ ಪುಟ್ಟ ಹುಡುಗಿಯ ಮೇಲೆ ಸಣ್ಣ ಡೈನೋಸಾರ್‌ಗಳು ಎರಗುತ್ತವೆ. ಆಗ ಮಗಳ ಪಕ್ಕದಲ್ಲೇ ಕೂತಿರಿ.