ಕನ್ನಡ ಶಾಲೆಯ ಮಕ್ಕಳು ಎಲ್ಲಿಗೆ ಹೋದರು?

ಪ್ರಶ್ನೆ: ಟೀಚರೇ, ನನ್ನ ತಂದೆ ಹೋಟೆಲಿನಲ್ಲಿ ದುಡಿಯುತ್ತಿದ್ದರು. ನಾನು ಕಲಿತದ್ದು ಮುಂಬಯಿಯ ಪರೇಲ್ ಕಡೆಯ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ. ಆಗ ಒಂದೊಂದು ತರಗತಿಗೆ ಎರಡು ವಿಭಾಗಗಳಿದ್ದವು. ಈಗ ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಾರಂತೆ. ‘ನಮ್ಮವರಿಗೆ ಭಾಷಾಭಿಮಾನವಿಲ್ಲ’ ಎಂದು ಸಂಘದ ಸಭೆಯಲ್ಲಿ ಎಲ್ಲರೂ ಹೇಳುತ್ತಾರೆ. ಕಾರಣ ಅಷ್ಟೇ ಏನು?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಅಷ್ಟೇ ಅಲ್ಲ. ನಿಮ್ಮ ವಿಳಾಸದಲ್ಲೇ ಒಂದು ಕಾರಣವಿದೆ. 2001ರ ಜನಗಣತಿಯಲ್ಲಿ ಮುಂಬಯಿ ನಗರ ಜಿಲ್ಲೆಯ ಜನಸಂಖ್ಯೆ 33.38 ಲಕ್ಷವಿತ್ತು, 2011ರಲ್ಲಿ ಅದು 30.85 ಲಕ್ಷಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ನಿಮ್ಮ ಡೊಂಬಿವಲಿ ಇರುವ ಥಾಣೆ ಜಿಲ್ಲೆ (ಪಾಲಘರ್ ಆಗ ಅದರಲ್ಲೇ ಸೇರಿತ್ತು) 81 ಲಕ್ಷದಿಂದ 1.10 ಕೋಟಿಗೆ ಬೆಳೆಯಿತು. ಚಾಳಿನ ಖೋಲಿ ಬಿಟ್ಟು ನಮ್ಮವರು ಡೊಂಬಿವಲಿ, ಭಾಯಂದರ್, ವಿರಾರ್‌ಗಳಲ್ಲಿ ಮನೆ ಮಾಡಿದರು. ಮುಂಬಯಿ ಮಹಾನಗರಪಾಲಿಕೆಯ ಗಡಿ ಮುಲುಂಡ್, ದಹಿಸರ್‌ಗೆ ಮುಗಿಯುತ್ತದೆ. ಅದನ್ನು ದಾಟಿ ಹೋದ ಮಕ್ಕಳ ಹಿಂದೆ ಶಾಲೆ ಹೋಗಲಿಲ್ಲ.

ಇದಕ್ಕೂ ಮೊದಲು ಬಟ್ಟೆ ಗಿರಣಿಗಳು ನಿಂತವು. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಿದ್ದರು. ಪರೇಲ್ ಸುತ್ತಲಿನ ಗಿರಣಿಗಳ ಪ್ರದೇಶವಾದ ಗಿರಣಗಾಂವ್ ಆಮೇಲೆ ಮೊದಲಿನಂತಾಗಲೇ ಇಲ್ಲ. ಹುಟ್ಟುವ ಮಕ್ಕಳೂ ಕಡಿಮೆಯಾದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಇಂಗ್ಲಿಷ್ ಮಾಧ್ಯಮದ ಸೆಳೆತ ಸುಳ್ಳಲ್ಲ, ಆದರೆ ಮರಾಠಿ, ಗುಜರಾತಿ ಶಾಲೆಗಳ ಮಕ್ಕಳೂ ಅದೇ ದಾರಿ ಹಿಡಿದಿದ್ದಾರೆ. ಇದಕ್ಕಾಗಿ ಕನ್ನಡಿಗರನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ.

ಅಂಕಿ ನೋಡುವಾಗಲೂ ಎಚ್ಚರ ಬೇಕು. ಪಟಸಂಖ್ಯೆಯ (ಶಾಲೆಯ ಪುಸ್ತಕದಲ್ಲಿರುವ ಮಕ್ಕಳ ಸಂಖ್ಯೆಯ) ಮೇಲೆ ಶಿಕ್ಷಕರ ಹುದ್ದೆಯೂ ಅನುದಾನವೂ ನಿಂತಿರುವುದರಿಂದ ಪುಸ್ತಕದಲ್ಲಿ ಹೆಸರು ಉಳಿಸಿಕೊಳ್ಳುವ ಆಸೆ ಎಲ್ಲ ಕಡೆಯೂ ಇತ್ತು. 2011ರ ಅಕ್ಟೋಬರ್‌ನಲ್ಲಿ ಸರ್ಕಾರ ರಾಜ್ಯದ ಶಾಲೆಗಳಲ್ಲೆಲ್ಲ ಒಮ್ಮೆಲೇ ತಲೆ ಎಣಿಸಿದಾಗ ಲಕ್ಷಗಟ್ಟಲೆ ಹೆಸರುಗಳಿಗೆ ಮಕ್ಕಳೇ ಇರಲಿಲ್ಲ. ದೇಶದ ಒಟ್ಟು ದಾಖಲಾತಿ 2022–23ರಲ್ಲಿ 25.17 ಕೋಟಿ ಇದ್ದದ್ದು ಮರುವರ್ಷ 24.80 ಕೋಟಿಗೆ ಇಳಿಯಿತು. ಪ್ರತಿ ಮಗುವನ್ನೂ ಹೆಸರು ಹಿಡಿದು ಎಣಿಸತೊಡಗಿ, ಎರಡೆರಡು ಕಡೆ ಇದ್ದ ಹೆಸರುಗಳು ಅಳಿದದ್ದೂ ಅದಕ್ಕೊಂದು ಕಾರಣ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು. ಮುಖ್ಯೋಪಾಧ್ಯಾಯಿನಿಯಾಗಿದ್ದಾಗ ದಾಖಲಾತಿ ಪುಸ್ತಕ ನನ್ನ ಕಪಾಟಿನಲ್ಲೇ ಇರುತ್ತಿತ್ತು. ಬಟ್ಟೆಯ ರಟ್ಟು, ಮೂಲೆ ಸವೆದ ದಪ್ಪ ಹಾಳೆ. ಹಳೆಯ ಪುಟಗಳಲ್ಲಿ ತಂದೆಯ ಉದ್ಯೋಗ ‘ಹೋಟೆಲ್’, ‘ಗಿರಣಿ’. ಊರು ಕುಂದಾಪುರ, ಕಾರ್ಕಳ. ಮುಂದೆ ಹೋದಂತೆ ‘ಗೌಂಡಿ’, ‘ಬಿಗಾರಿ’ (ಕೂಲಿ). ಊರು ಇಂಡಿ, ಸುರಪುರ, ಆಳಂದ. ಕೊನೆಯ ಪುಟಗಳಲ್ಲಿ ಇವರದೇ ಹೆಸರುಗಳು. ಹೊಸ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡು ಹಾಕಿಕೊಂಡವರ ಮಕ್ಕಳು ಇವರು. ಮನೆಯಲ್ಲಿ ಕನ್ನಡವಲ್ಲದೆ ಬೇರೆ ಭಾಷೆ ಇಲ್ಲ. ಒಂದನೆಯ ತರಗತಿಯಲ್ಲಿ ಟೀಚರ್ ಆಡಿದ ಮಾತು ಅರ್ಥವಾಗಬೇಕಾದರೆ ಕನ್ನಡ ಶಾಲೆ ಬೇಕಾದದ್ದು ಇವರಿಗೆ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿ ಕನ್ನಡ ಪಠ್ಯಪುಸ್ತಕ ಅಚ್ಚು ಹಾಕುತ್ತದೆ; ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿಯ ಬಲವಿದೆ. ಅಭಿಮಾನದ ಚರ್ಚೆಯಲ್ಲಿ ಈ ಮಕ್ಕಳ ಮಾತೇ ಬರುವುದಿಲ್ಲವೆಂಬುದು ನನ್ನ ಸಂಕಟ. ನಿಮ್ಮ ಮುಂದಿನ ಸಭೆಗೆ ಅವರ ತಾಯ್ತಂದೆಯರನ್ನು ಕರೆಯಿರಿ. ಅವರ ಕೆಲಸ ಮುಗಿಯುವ ಹೊತ್ತು ನೋಡಿಕೊಂಡು ಸಭೆ ಇಡಿ.

ಪ್ರಶ್ನೆ: ನಮ್ಮ ಸೊಸೈಟಿಯ ಪಕ್ಕದ ಕಟ್ಟಡಕ್ಕೆ ಯಾದಗಿರಿ ಕಡೆಯ ಕುಟುಂಬವೊಂದು ದೀಪಾವಳಿಯ ನಂತರ ಬಂದಿದೆ. ಎಂಟು ವರ್ಷದ ಹುಡುಗಿ. ಕೈಯಲ್ಲಿ ಯಾವ ಕಾಗದವೂ ಇಲ್ಲ. ಜೂನ್‌ವರೆಗೆ ಕಾಯಬೇಕೇ?
— ಗೃಹಿಣಿ, ಕಾಂದಿವಲಿ

ಉತ್ತರ: ಒಂದು ದಿನವೂ ಕಾಯಬೇಡಿ ಅಮ್ಮ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಂತೆ ವರ್ಷದ ಯಾವ ತಿಂಗಳಲ್ಲಾದರೂ ಪ್ರವೇಶ ಕೊಡಬೇಕು. ಜನನ ಪ್ರಮಾಣಪತ್ರವಿಲ್ಲವೆಂದೋ ವರ್ಗಾವಣೆ ಪತ್ರ ತಡವಾಯಿತೆಂದೋ ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಯಲ್ಲೇ ಸೇರಿಸಿಕೊಳ್ಳಬೇಕು; ಕಲಿಕೆ ಹಿಂದೆ ಬಿದ್ದಿದ್ದರೆ ವಿಶೇಷ ತರಬೇತಿ ಕೊಡಬೇಕು. ಹುಡುಗಿಯ ತಾಯಿಗೆ ಮರಾಠಿ, ಹಿಂದಿ ಬಾರದಿರಬಹುದು, ಜೊತೆಗೆ ನೀವೇ ಹೋಗಿ. ಶಾಲೆಯವರು ಒಪ್ಪದಿದ್ದರೆ ಕಾರಣವನ್ನು ಬರೆದು ಕೊಡಲು ಕೇಳಿ, ಅದನ್ನು ಹಿಡಿದುಕೊಂಡು ಪಾಲಿಕೆಯ ಶಿಕ್ಷಣ ವಿಭಾಗಕ್ಕೆ ಹೋಗಿ.