ಬಿಸ್ಕತ್ತು ಇಲ್ಲದಿದ್ದರೆ ಮಾತೇ ಕೇಳದ ನಾಯಿಮರಿ

4 ತಿಂಗಳ ಮರಿ, ಬಿಸ್ಕತ್ತು ತೋರಿಸಿದರೆ ಮಾತ್ರ ಕೂರುತ್ತದೆ, ಕೈ ಖಾಲಿ ಇದ್ದರೆ ಅಡಿಕೆ ತೋಟಕ್ಕೆ ಓಡುತ್ತದೆ, ತಿಂಡಿ ಇಲ್ಲದೆ ಕಲಿಸುವುದು ಹೇಗೆ ಅಂತ ಕಾಸರಗೋಡಿನ ಬದಿಯಡ್ಕದಿಂದ ಕೇಳಿದ್ದೀರಿ. ಅದು ಹಠ ಅಲ್ಲ. ಬಿಸ್ಕತ್ತು ಕಂಡರೆ ಕೂರಬೇಕು ಅಂತ ಕಲಿತಿದೆ, ನಿಮ್ಮ ಮಾತನ್ನು ಇನ್ನೂ ಕಲಿತಿಲ್ಲ ಅಷ್ಟೇ.

ತಿಂಡಿ ಬಿಡಬಹುದು, ಬಹುಮಾನ ಬಿಡಬೇಡಿ. ಅದಕ್ಕೆ ತೋಟ ಇಷ್ಟ ಅಲ್ವಾ, ಅದನ್ನೇ ಬಹುಮಾನ ಮಾಡಿ. ಗೇಟಿನ ಚಿಲಕಕ್ಕೆ ಕೈ ಹಾಕಿ ಒಂದೇ ಸಲ "ಕೂತ್ಕೋ" ಅನ್ನಿ, ಆಮೇಲೆ ಸುಮ್ನೆ ನಿಲ್ಲಿ. ಹಾರುತ್ತದೆ, ಬೊಗಳುತ್ತದೆ, ಗೇಟು ಪರಚುತ್ತದೆ, ನೀವು ಮಾತಾಡಬೇಡಿ. ಕುಂಡೆ ನೆಲಕ್ಕೆ ತಾಗಿದ ಕೂಡಲೇ "ಶಾಬಾಸ್" ಅಂದು ಗೇಟು ತೆಗೆಯಿರಿ, ಅಷ್ಟರಲ್ಲಿ ಎದ್ದರೆ ಮತ್ತೆ ಮುಚ್ಚಿ. ಊಟದ ತಟ್ಟೆ ಇಡುವಾಗಲೂ ಹೀಗೇ. ಇದು ಹಾಲುಹಲ್ಲು ಉದುರುವ ಸಮಯ, ಕಚ್ಚಿ ಎಳೆಯುವ ಆಸೆ ಜಾಸ್ತಿ, ಹಾಗಾಗಿ ಹಳೆಯ ಬೈರಾಸಿಗೆ (ಟವೆಲಿಗೆ) ಗಂಟು ಹಾಕಿ ಮೆಲ್ಲಗೆ ಎಳೆದಾಡಿಸಿದರೆ ಅದಕ್ಕೆ ಬಿಸ್ಕತ್ತಿಗಿಂತ ಖುಷಿ.

ಮನೆಯವರೆಲ್ಲ ಒಂದೇ ಶಬ್ದ ಹೇಳಿ. ಅಜ್ಜಿ ತುಳುವಿನಲ್ಲಿ "ಕುಳ್ಳು", ಮಕ್ಕಳು "ಸಿಟ್", ತೋಟದ ಕೆಲಸಕ್ಕೆ ಬಂದವರು ಮಲಯಾಳದಲ್ಲಿ "ಇರಿಕ್ಕ್" ಅಂದರೆ ಪಾಪ ಮರಿ ಏನು ಮಾಡಬೇಕು?

"ಬಾ" ಕಲಿಸುವುದು ಸ್ವಲ್ಪ ಕಷ್ಟ. ಉದ್ದ ಹಗ್ಗ ಕಟ್ಟಿ ಅಂಗಳದಲ್ಲಿ ಬಿಡಿ, ಕರೆದು ನೀವೇ ಹಿಂದಕ್ಕೆ ಓಡಿ, ಬೆನ್ನಟ್ಟಿ ಬರುತ್ತದೆ. ಬಂದಾಗ ಎಷ್ಟೇ ಕೋಪ ಇದ್ದರೂ ಬೈಯಬೇಡಿ, ಕೂಡಲೇ ಕಟ್ಟಿಹಾಕಲೂ ಬೇಡಿ. ಕಿವಿಯ ಹಿಂದೆ ತುರಿಸಿ ಮತ್ತೆ ಆಡಲು ಬಿಡಿ. ಹೊಡೆಯುವುದಂತೂ ಬೇಡವೇ ಬೇಡ, ಹೆದರಿದ ಮರಿ ದೂರದಲ್ಲೇ ನಿಲ್ಲುತ್ತದೆ. ಒಂದು ಸಲಕ್ಕೆ 5 ನಿಮಿಷ ಸಾಕು, ದಿನಕ್ಕೆ ಮೂರ್ನಾಲ್ಕು ಸಲ ಮಾಡಿ.